ಸುಣ್ಣದ ಮೇಷ್ಟ್ರು

ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ದೇಹಕ್ರಿಯೆಯ ಪಾಠ ಮಾಡುವವರಿಗೆ ವಿದ್ಯಾರ್ಥಿನಿಯರು ಇಟ್ಟ ಹೆಸರು ಸುಣ್ಣದ ಮೇಷ್ಟ್ರು. ಕೋಟಿನ ಕಿಸೆ, ಹುಬ್ಬು, ಊಟದ ಡಬ್ಬಿಯ ಮುಚ್ಚಳ, ಎಲ್ಲೆಲ್ಲೂ ಸೀಮೆಸುಣ್ಣ. ಅವರು ಸೀನಿದರೆ ಮುಂದಿನ ಬೆಂಚು ಬೆಳ್ಳಗಾಗುತ್ತದೆಂದು ಪ್ರತೀತಿ. ಬೇರೆ ಹಾರ್ಮೋನುಗಳನ್ನೆಲ್ಲ ಒಂದೇ ಉಸಿರಿಗೆ ಮುಗಿಸುವವರು ಒಂದರ ಹತ್ತಿರ ಬಂದಾಗ ಮಾತ್ರ ಕುರ್ಚಿ ಎಳೆದುಕೊಂಡು ಕೂರುತ್ತಾರೆ. "ಇದು ರಕ್ತದ ಕ್ಯಾಲ್ಸಿಯಂ ಕಾಯೋ ಪ್ಯಾರಾಥೈರಾಯ್ಡ್ ಹಾರ್ಮೋನಿನ ದಾಯಾದಿ ಕಣ್ರಮ್ಮಾ. ಹೊಟ್ಟೇಲಿರೋ ಕೂಸಿಗೆ ಕ್ಯಾಲ್ಸಿಯಂ ದಾಟಿಸೋದು ಇದೇ, ಹಲ್ಲು ಮೂಡೋಕೆ ದಾರಿ ಬಿಡಿಸೋದೂ ಇದೇ. ತಾಯಿ ಮೂಳೆ ಕರಗಿಸಿ ಹಾಲಿಗೆ ಸೇರಿಸೋದೂ ಇದೇ" ಎನ್ನುತ್ತ ಸೀಮೆಸುಣ್ಣ ಮುರಿದು ಅರ್ಧವನ್ನು ಯಾರದಾದರೂ ಕೈಗೆ ಕೊಡುತ್ತಾರೆ. "ಹಾಲು ಬಿಡಿಸಿದ್ಮೇಲೆ ಅಮ್ಮನ ಮೂಳೆ ಮತ್ತೆ ತುಂಬ್ಕೊಳ್ಳತ್ತೆ, ಹೆದರ್ಬೇಡಿ" ಎಂದು ಡಬ್ಬಿಯಿಂದ ಇಡೀ ಸೀಮೆಸುಣ್ಣ ತೆಗೆದು ತೋರಿಸುತ್ತಾರೆ. ಆಮೇಲೆ ಉಳಿಯುವುದು ಪಾಠದ ಕೊನೆಯ ಪುಟ. ಕೆಲವು ಕ್ಯಾನ್ಸರ್ ಗಡ್ಡೆಗಳೂ ಇದೇ ಹಾರ್ಮೋನನ್ನು ಸುರಿಸುತ್ತವೆ. ಮೂಳೆ ಕರಗಿ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ. ಅದರ ಲಕ್ಷಣಗಳಲ್ಲಿ ಒಂದನ್ನು ಮಾತ್ರ ಈ ವರ್ಷ ಬೋರ್ಡಿನ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಬರೆದರು: ಬಾಯಾರಿಕೆ. "ರೋಗಿ ಪದೇಪದೇ ನೀರು ಕೇಳಿದ್ರೆ ಕೊಡಿ. ಕೊಟ್ಟು ಸುಮ್ನಾಗ್ಬೇಡಿ, ರಕ್ತ ಪರೀಕ್ಷೆ ಮಾಡ್ಸಿ" ಎಂದವರು ಬೋರ್ಡಿನ ಕಡೆ ತಿರುಗಿ ಅದೇ ಅಕ್ಷರಗಳ ಮೇಲೆ ಮತ್ತೊಮ್ಮೆ ಸೀಮೆಸುಣ್ಣ ತೀಡಿದರು. ಹೋದ ಬೇಸಿಗೆಯಲ್ಲಿ, ಎದೆಯಲ್ಲಿ ಕ್ಯಾನ್ಸರ್ ಗಡ್ಡೆಯಿದ್ದ ಹೆಂಡತಿ ತೀರಿಕೊಳ್ಳುವ ಮುನ್ನ ಹತ್ತು ದಿನ ನೀರು ನೀರು ಎಂದಾಗ, "ಎಂಥಾ ಸೆಕೆ ನೋಡು" ಎನ್ನುತ್ತ ಲೋಟದ ಮೇಲೆ ಲೋಟ ತುಂಬಿಸಿಕೊಟ್ಟವರು, ಮೂವತ್ತು ವರ್ಷ ಇದೇ ಪಾಠ ಮಾಡಿದ ನಮ್ಮ ಮೇಷ್ಟ್ರೇ.