ಚೆನ್ನಾಗಿರುವ ಮಂಡಿಗೆ ಪಟ್ಟಿ

ನೋವನ್ನು ವರ್ಣಿಸುವುದರಲ್ಲಿ ನಮ್ಮ ಮನೆಯವರನ್ನು ಮೀರಿಸುವವರಿಲ್ಲ. ಅರಮನೆಯ ಕಚೇರಿಯಲ್ಲಿದ್ದ ನಮ್ಮ ತಾತನ ಸೊಂಟನೋವು ಇಡೀ ಕಚೇರಿಗೆ ಗೊತ್ತಿತ್ತಂತೆ. ನಮ್ಮಮ್ಮನ ತಲೆನೋವಿಗೆ ಪೀಠಿಕೆ, ಆರೋಹಣ, ಅವರೋಹಣ ಎಲ್ಲವೂ ಇರುತ್ತಿದ್ದವು. ಹಾಗಾಗಿ ಯಾದವಗಿರಿಯ ಶಟಲ್ ಕೋರ್ಟಿನಲ್ಲಿ, ನನ್ನಂಥ ಐವತ್ತು ದಾಟಿದ ಕಾಲೇಜು ಮೇಡಂಗೆ ಒಪ್ಪದ ಒಂದು ಸ್ಮ್ಯಾಶ್ ಹೊಡೆದು ನನ್ನ ಬಲಭುಜ ಹಿಡಿದುಕೊಂಡಾಗ, ನಜರ್‌ಬಾದಿನ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ನಾನು ಪಾಠಕ್ಕೆ ಹೋಗುವಷ್ಟೇ ತಯಾರಾಗಿ ಹೋದೆ.

ಅಲ್ಲಿನ ಫಿಜಿಯೋ ನಂದಿನಿ ನನ್ನ ಪೀಠಿಕೆ ಮುಗಿಯುವ ಮೊದಲೇ ತಡೆದರು. "ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಿ ಮೇಡಂ, ಸಾಕು."

"ಒಂಬತ್ತು" ಎಂದೆ.

"ಒಂಬತ್ತಾಗಿದ್ರೆ ಇಷ್ಟು ಚೆನ್ನಾಗಿ ಮಾತಾಡೋಕೆ ಆಗ್ತಿರ್ಲಿಲ್ಲ. ಐದು ಅಂತ ಬರ್ಕೊಳ್ಳಲಾ?"

ಮನೆತನದ ಮಾನ ಅರ್ಧಕ್ಕರ್ಧ ಹೋಯಿತು. ಪೂರ್ತಿ ವಿಶ್ರಾಂತಿ ಎನ್ನುತ್ತಾರೆ, ಮನೆಯಲ್ಲಿ ನಾಲ್ಕು ದಿನ ಕಾಫಿ ಕೈಗೇ ಬರುತ್ತದೆ ಎಂದುಕೊಂಡಿದ್ದರೆ, ಆಕೆ ಒಂದು ರಬ್ಬರ್ ಪಟ್ಟಿ ಕೊಟ್ಟು ಎಳೆಯಲು ಹೇಳಿದರು. ಸ್ವಲ್ಪ ನೋವಾದರೆ ಗಾಬರಿ ಬೇಡ, ಮಾರನೆಯ ಬೆಳಗ್ಗೆ ಇಳಿದಿದ್ದರೆ ಸರಿ, ಏರಿದ್ದರೆ ಹೇಳಿ ಎಂದರು. ನೋವನ್ನು ಓಡಿಸಬೇಕು ಎಂದು ಹೋದವಳಿಗೆ ಅದರ ಜೊತೆ ಮಾತುಕತೆ ನಡೆಸುವ ಕೆಲಸ ಬಿತ್ತು.

ಪಕ್ಕದ ಮಂಚಕ್ಕೆ ಮಹದೇವು ಬಂದದ್ದು ಅದೇ ವಾರ. ಹಿನಕಲ್ಲಿನವನು, ಟೈರ್ ಅಂಗಡಿ ಇಟ್ಟಿದ್ದಾನೆ, ಬೆಳಗ್ಗೆ ಸಂಜೆ ಗರಡಿಯ ಪೈಲ್ವಾನ. ಎಡಮಂಡಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡಿದ್ದ. ನಂಬರ್ ಕೇಳಿದರೆ, "ಸೊನ್ನೆ ಕಣಕ್ಕ" ಎಂದ.

"ಮತ್ತೆ ಯಾಕೆ ಬಂದ್ರಿ?"

"ಉಸ್ತಾದ್ರು ಕಳಿಸುದ್ರು."

ನಂದಿನಿ ಪಟ್ಟಿ ಬಿಚ್ಚಿ ಎಡಮಂಡಿಯನ್ನು ಒತ್ತಿ, ಮಡಿಸಿ, ತಿರುಗಿಸಿ ನೋಡಿದರು. ಅದರಲ್ಲಿ ಯಾವ ಐಬೂ ಇರಲಿಲ್ಲ. ಒಂಟಿಕಾಲಲ್ಲಿ ಅರ್ಧ ಬಸ್ಕಿ ಹೊಡೆಯಲು ಹೇಳಿದರು. ಎಡಗಾಲಲ್ಲಿ ಸಲೀಸಾಗಿ ಹೊಡೆದ. ಬಲಗಾಲಿಗೆ ಬಂದಾಗ ಮುಖ ಅಲ್ಲಾಡಲಿಲ್ಲ, ಮೈ ಮಾತ್ರ ಒಂದು ಕಡೆ ವಾಲಿ, ಹಣೆಯಲ್ಲಿ ಬೆವರು ಕಿತ್ತುಕೊಂಡಿತು.

"ನೋವಿರೋದು ಬಲಗಾಲಲ್ಲಿ. ಪಟ್ಟಿ ಯಾಕೆ ಎಡಕ್ಕೆ?"

ಮಹದೇವು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. "ನೋಯೋ ಕಾಲ್ಗೆ ಕಟ್ಕಂಡ್ರೆ ಎದುರ್ನವ್ನು ಅಲ್ಲೇ ಕೈ ಹಾಕ್ಬುಡ್ತಾನೆ. ಅದ್ಕೇ ಚೆನ್ನಾಗಿರೋ ಕಾಲ್ಗೆ ಕಟ್ಟೋದು. ನಮ್ ಗರಡೀಲಿ ಎಲ್ಲ ಅಂಗೇಯ."

ನಾನು ಮನಸ್ಸಿನಲ್ಲೇ ತಲೆದೂಗಿದೆ. ಇರುವ ನೋವನ್ನು ಒಂಬತ್ತು ಮಾಡುವ ನಾನು, ಇರುವ ನೋವನ್ನು ಸೊನ್ನೆ ಮಾಡಿ ನೋವಿಲ್ಲದ ಕಾಲಿಗೆ ಸಾಗಿಸುವ ಅವನು. ಇಬ್ಬರ ನಡುವೆ ಕೂತ ನಂದಿನಿಯ ಕಷ್ಟ ನೀವೇ ಊಹಿಸಿಕೊಳ್ಳಿ.

ಆಕೆ ಕೇಳಿದ್ದು ಒಂದೇ ಪ್ರಶ್ನೆ. "ಸರಿ, ಅವನು ಮೋಸ ಹೋಗಿ ಎಡಗಾಲನ್ನೇ ಹಿಡಿದು ಎತ್ತಿದ ಅಂತಿಟ್ಕೊಳ್ಳಿ. ಆಗ ನೀವು ನಿಲ್ಲೋದು ಯಾವ ಕಾಲ ಮೇಲೆ?"

ಮಹದೇವು ಬಿಚ್ಚಿಟ್ಟ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತ ಒಪ್ಪಿಕೊಂಡ. ಹೋದ ವರ್ಷದ ದಸರಾ ಕುಸ್ತಿಯಲ್ಲಿ ಆಗಿದ್ದೇ ಅದು. ಎದುರಾಳಿ ಎಡಗಾಲು ಎತ್ತಿದ, ಬಲಮಂಡಿ ಕೈಕೊಟ್ಟಿತು, ಇವನು ಚಿತ್. ಈ ಸಲವೂ ಹಾಗಾದರೆ ಮುಂದೆ ಕುಸ್ತಿಗೆ ಜೋಡಿ ಕಟ್ಟುವಾಗ ತನ್ನ ಹೆಸರು ಯಾರೂ ಕೂಗುವುದಿಲ್ಲ ಎಂದ. ಹೇಳುವಾಗ ಆ ದೊಡ್ಡ ಮೈ ಸ್ವಲ್ಪ ಕುಗ್ಗಿದಂತೆ ಕಂಡು ನನಗೆ ಸಂಕಟವಾಯಿತು.

ಅಂದಿನಿಂದ ಅವನ ಬಲಗಾಲಿಗೆ ಪಾಠ ಶುರುವಾಯಿತು. ಗೋಡೆಗೆ ಒರಗಿ ಕೂರುವುದು, ಮೆಟ್ಟಿಲಿಂದ ನಿಧಾನವಾಗಿ ಇಳಿಯುವುದು, ಸೊಂಟದ ಪಕ್ಕದ ಸ್ನಾಯುಗಳಿಗೆ ಕೆಲಸ. ಮಂಡಿಯ ಭಾರವನ್ನು ತೊಡೆ ಮತ್ತು ಸೊಂಟ ಹಂಚಿಕೊಳ್ಳಬೇಕು ಎಂದು ನಂದಿನಿ ಹೇಳುತ್ತಿದ್ದರು. ಮಹದೇವುಗೆ ಇದೆಲ್ಲ ಮಕ್ಕಳಾಟವೆನಿಸಿತು. ಗುಟ್ಟಾಗಿ ಗರಡಿಯಲ್ಲಿ ಹಳೆಯ ಲೆಕ್ಕದಲ್ಲೇ ಬಸ್ಕಿ ಹೊಡೆದು, ಮಂಡಿ ಊದಿಸಿಕೊಂಡು ಬಂದು, ಮತ್ತೆ "ಸೊನ್ನೆ" ಎಂದ.

ನಂದಿನಿಗೆ ಆಗ ನಿಜಕ್ಕೂ ಸಿಟ್ಟು ಬಂತು. "ಅಖಾಡದಲ್ಲಿ ಎಷ್ಟಾದ್ರೂ ಸುಳ್ಳು ಹೇಳಿ. ನಾನೇನು ನಿಮ್ಮ ಎದುರಾಳಿನಾ? ಇಲ್ಲಿ ನಿಜ ಹೇಳ್ಲಿಲ್ಲ ಅಂದ್ರೆ ಎಷ್ಟು ಭಾರ ಹಾಕ್ಬೇಕು ಅಂತ ನನಗೆ ಹೇಗೆ ಗೊತ್ತಾಗುತ್ತೆ?"

ಅವನು ನೆಲ ನೋಡುತ್ತ, "ಏಳು" ಎಂದ. ನೆಲಕ್ಕೆ ಹೇಳಿದಂತಿತ್ತು. ಪಕ್ಕದಲ್ಲಿ ನಾನೂ ಕೇಳದವಳಂತೆ ರಬ್ಬರ್ ಎಳೆದೆ. ಆಮೇಲೆ ಏಳು ಆರಾಯಿತು, ಒಮ್ಮೆ ಮತ್ತೆ ಏಳಾಯಿತು, ಮಳೆಗಾಲ ಮುಗಿಯುವ ಹೊತ್ತಿಗೆ ಮೂರರ ಆಸುಪಾಸಿಗೆ ಇಳಿಯಿತು. ನನ್ನ ಭುಜವೂ ಮೆಲ್ಲಗೆ ಮೇಲೇಳತೊಡಗಿತ್ತು, ಆದರೆ ಅದನ್ನು ಕೇಳುವವರು ಯಾರಿದ್ದರು!

ಕುಸ್ತಿಯ ದಿನ ನಂದಿನಿ, ನಾನು ಇಬ್ಬರೂ ಹೋದೆವು. ಮಹದೇವು ಅಖಾಡದ ಮಣ್ಣು ಮುಟ್ಟಿ ಹಣೆಗಿಟ್ಟುಕೊಂಡು ಇಳಿದ. ಎಡಮಂಡಿಗೆ ಪಟ್ಟಿ! ಎದುರಾಳಿ ಅದನ್ನು ನೋಡಿದ, ಕಾದ, ನುಗ್ಗಿ ಎಡಗಾಲನ್ನು ಎತ್ತಿಯೇಬಿಟ್ಟ. ನಂದಿನಿ ನನ್ನ ಕೈ ಹಿಡಿದುಕೊಂಡರು, ಅದೂ ಬಲಗೈ. ಆ ಇಡೀ ಮೈ ಒಂದು ಬಲಮಂಡಿಯ ಮೇಲೆ ನಿಂತಿತ್ತು. ಮಂಡಿ ನಡುಗಿತು, ಆದರೆ ಮಡಿಯಲಿಲ್ಲ. ನಿಂತ ಕಾಲಲ್ಲೇ ಸುತ್ತಿ ಮಹದೇವು ಅವನನ್ನು ಹೊತ್ತು ಹಾಕಿದ. ನಾನು ಕಾಲೇಜು ಮರೆತು ಕೂಗಿದೆ.

ಹಾರ ಹಾಕಿಕೊಂಡು ಹೊರಗೆ ಬಂದವನು, "ಏನೂ ಆಗ್ಲಿಲ್ಲ ಬುಡ್ರಣ್ಣ, ಕಲ್ಲಿದ್ದಂಗಿವ್ನಿ" ಎಂದು ಸುತ್ತಲಿನವರಿಗೆಲ್ಲ ಹೇಳುತ್ತಿದ್ದ. ನಮ್ಮ ಹತ್ತಿರ ಬಂದಾಗ ನಂದಿನಿ ಹುಬ್ಬೇರಿಸಿದರು. ಅವನು ಆ ಕಡೆ ಈ ಕಡೆ ನೋಡಿ, ಬಾಗಿ, ಪಿಸುಗುಟ್ಟಿದ.

"ಬಲಗಾಲು. ಆರು."

"ಐಸ್ ಇಡಿ. ನಾಳೆ ಬನ್ನಿ" ಎಂದು ನಂದಿನಿ ನನ್ನ ಕಡೆ ತಿರುಗಿದರು. "ನಿಮ್ಮ ಭುಜ ಮೇಡಂ?"

ತಾತನನ್ನೂ ಅಮ್ಮನನ್ನೂ ಮನಸ್ಸಿನಲ್ಲೇ ಕ್ಷಮೆ ಕೇಳಿಕೊಂಡು, "ಒಂದು" ಎಂದೆ.