ಎತ್ತಂಗಡಿ ಆಗಿ ಬಂದವರು

ತುಮಕೂರಿನ ಮರಳೂರಿನಲ್ಲಿ 'ಮನೆ ಬಾಡಿಗೆಗೆ ಇದೆ' ಎಂದು ಬೋರ್ಡು ತೂಗುಹಾಕಿದ್ದ ಬಾಗಿಲನ್ನು ತಟ್ಟಿದೆವು. ಹೊರಗೆ ಬಂದ ಹೆಂಗಸು ನಗುನಗುತ್ತಲೇ ಮನೆ ತೋರಿಸಿದರು, ನಲ್ಲಿ ತಿರುಗಿಸಿ ನೀರು ಬರುವುದನ್ನೂ ತೋರಿಸಿದರು. ಆಮೇಲೆ, "ಯಾವೂರಮ್ಮ ನಿಮ್ದು? ಊರು ಯಾಕ್ ಬಿಟ್ರಿ?" ಎಂದು ಕೇಳಿದರು. ಸುಳ್ಳು ಹೇಳುವುದು ನನಗೆ ಬಾರದು. "ದಾವಣಗೆರೆ ರೀ. ಇವ್ರನ್ನ ಗಡಿಪಾರು ಮಾಡ್ಯಾರ್ರೀ" ಅಂದೆ. ಆಯಮ್ಮ ನಲ್ಲಿ ನಿಲ್ಲಿಸಿದರು, ನಮ್ಮನ್ನು ಹೊರಗೆ ಬಿಟ್ಟರು, ಬೋರ್ಡನ್ನೇ ಕಿತ್ತುಕೊಂಡು ಒಳಗೆ ಹೋಗಿ ಚಿಲಕ ಹಾಕಿದರು. ಟ್ರಂಕಿನ ಮೇಲೆ ಕೂತು ಆ ಬಾಗಿಲನ್ನೇ ನೋಡಿದೆ. ಒಂದು ಶಬ್ದಕ್ಕೆ ಇಷ್ಟು ಭಯವೇ!

ದಾವಣಗೆರೆಯ ನನ್ನ ಜನರೇ, ನಿಮಗೆ ಗೊತ್ತು, ನನ್ನ ಗಂಡ ಬಸವರಾಜ ಕಳ್ಳನಲ್ಲ, ಕುಡುಕನಲ್ಲ. ಹತ್ತಿ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದವರು, ಕೂಲಿ ಹೆಚ್ಚಿಸಿ ಎಂದು ಮುಷ್ಕರಕ್ಕೆ ಜನ ಸೇರಿಸಿದರು. ಅದಕ್ಕೆ ಶಾಂತಿಭಂಗ ಅಂತ ಹೆಸರು ಕೊಟ್ಟು, ಎರಡು ವರ್ಷ ಜಿಲ್ಲೆಯ ಎಲ್ಲೆಯೊಳಗೆ ಕಾಲಿಡಕೂಡದು ಎಂದು ಆರ್ಡರು ಹೊರಡಿಸಿದರು. ಎಪ್ಪತ್ತರ ದಶಕದ ಆ ದಿನಗಳಲ್ಲಿ ಯಾಕೆ ಅಂತ ಕೇಳುವ ಧೈರ್ಯ ಯಾರಿಗಿತ್ತು? ಗಡಿಪಾರು! ಪಾರಾಗುವುದು ಅಂದರೆ ಬಚಾವಾಗುವುದು ಅಂತಲೇ ನಾನು ತಿಳಿದಿದ್ದೆ. ಇಲ್ಲಿ ಪಾರಾದವರು ಯಾರು? ಗಿರಣಿಯ ಮಾಲೀಕರು. ಇನ್ನು ಆ ಆರ್ಡರಿನಲ್ಲಿ ನನ್ನ ಹೆಸರೇ ಇರಲಿಲ್ಲ. ನನ್ನನ್ನು ಯಾರೂ ಎಲ್ಲಿಂದಲೂ ಓಡಿಸಿರಲಿಲ್ಲ, ಆದರೂ ಟ್ರಂಕು ಹೊತ್ತವಳು ನಾನೇ. ನೆಂಟರೆಲ್ಲ ಬಂದು, "ವನವಾಸ ಅನ್ಕೊಂಡು ಹೋಗವಾ" ಎಂದು ಕಣ್ಣು ಒರೆಸಿಕೊಂಡರು. ಕಾಡಿನಲ್ಲಿ ಯಾವ ಮರವೂ ಊರು ಯಾಕೆ ಬಿಟ್ಟಿರಿ ಅಂತ ಕೇಳುವುದಿಲ್ಲ. ಮರಳೂರಿನಲ್ಲಿ ಎಲ್ಲರೂ ಕೇಳಿದರು.

ತುಮಕೂರಿನಲ್ಲಿ ಮನೆ ಸಿಗದೆ ಹೋದಾಗ, ಗಿರಣಿಗೆ ಬರುತ್ತಿದ್ದ ಲಾರಿ ಡ್ರೈವರೊಬ್ಬರು ಕುಣಿಗಲ್ಲಿನ ಕಾಯಿ ಮಂಡಿಯಲ್ಲಿ ಇವರಿಗೆ ಕೆಲಸ ಗೊತ್ತುಮಾಡಿದರು. ತುಮಕೂರಿನಿಂದ ಕುಣಿಗಲ್ ಬಸ್ಸು ಹತ್ತಿದಾಗ ಮುಂದಿನ ಸೀಟಿನಲ್ಲಿ ಇಬ್ಬರು ಗುಮಾಸ್ತರು ಮಾತಾಡುತ್ತಿದ್ದರು. "ನಮ್ ಸಾಹೇಬ್ರು ಎಮ್ಮೆಲ್ಲೆ ಮಾತು ಕೇಳ್ಲಿಲ್ಲ. ಎತ್ತಂಗಡಿ ಆಗ್ಬುಟ್ರು ಕಣೋ!" "ಪಾಪ, ಒಳ್ಳೇ ಮನುಷ್ಯ" ಅಂದ ಇನ್ನೊಬ್ಬ. ನನ್ನ ಕಿವಿ ನಿಮಿರಿತು. ದೊಡ್ಡವರ ಮಾತು ಕೇಳದವನನ್ನೇ ಎತ್ತಿ ಒಗೆದಿದ್ದಾರೆ, ಆದರೆ ಈ ಶಬ್ದಕ್ಕೆ 'ಪಾಪ' ಸಿಗುತ್ತದೆ, 'ಒಳ್ಳೇ ಮನುಷ್ಯ' ಸಿಗುತ್ತದೆ.

ಕುಣಿಗಲ್ಲಿನಲ್ಲಿ ಕೆರೆಯ ಕಡೆಯ ಬೀದಿಯಲ್ಲಿ ರಂಗಮ್ಮ ಎನ್ನುವವರ ಮನೆಯ ಪಕ್ಕದ ಎರಡು ಕೋಣೆ ಖಾಲಿ ಇದ್ದವು. ತೆಂಗಿನ ತೋಟ, ರಾಗಿ ಹೊಲ ಇದ್ದ ಗಟ್ಟಿ ಹೆಂಗಸು. ಅದೇ ಪ್ರಶ್ನೆ ಬಂತು. "ಇವ್ರಿಗೆ ಎತ್ತಂಗಡಿ ಆಗೈತ್ರೀ" ಅಂದೆ. "ಅಯ್ಯೋ ಪಾಪ! ಯಾವ ಡಿಪಾರ್ಟ್‌ಮೆಂಟು?" ಎನ್ನುತ್ತ ಮಜ್ಜಿಗೆ ತಂದುಕೊಟ್ಟರು. ಬಟ್ಟೆಯದು ಅಂದೆ, ಅದೂ ಸುಳ್ಳಲ್ಲ. ಇವರು ಕೆಮ್ಮಿ ಗೋಡೆ ಕಡೆ ಮುಖ ತಿರುಗಿಸಿದರು. ಮನೆ ಸಿಕ್ಕಿತು, ಆದರೆ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಅಲ್ಲಿ ನಾವು ಜೋಳದ ರೊಟ್ಟಿ ಬಡಿಯುವವರು, ಇಲ್ಲಿ ರಾಗಿ ಮುದ್ದೆ. ಮೊದಲ ದಿನ ನಾನು ಅದನ್ನು ಅಗಿದೆ. "ಏ, ನುಂಗವ್ವಾ, ಅದ್ಯಾಕಂಗೆ ಎಲೆಅಡಿಕೆ ಜಗದಂಗೆ ಜಗೀತೀಯ!" ಎಂದು ರಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮಲ್ಲಿ ಎಲ್ಲರಿಗೂ 'ಬರ್ರಿ, ಕೂಡ್ರಿ' ಅನ್ನುವುದು ಮರ್ಯಾದೆ. ಇಲ್ಲಿ ಬೀದಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು, "ಕಂಡ ಗಂಡಸ್ರಿಗೆಲ್ಲಾ ರೀ ಅಂತೀಯಲ್ಲೇ! ನಿನ್ ಗಂಡಂಗೆ ಏನ್ ಉಳಿಸ್ಕೊಂಡೆ?" ಎಂದು ಕಾಲೆಳೆದರು. ನಮ್ಮ ಮಂಡಕ್ಕಿ ಇಲ್ಲಿ ಕಡ್ಲೆಪುರಿ. ಅವರ 'ಬುಡು' ನನಗೆ ಮೊದಮೊದಲು ಬೈಗುಳದ ಹಾಗೆ ಕೇಳುತ್ತಿತ್ತು. ಮಧ್ಯಾಹ್ನ ಇವರು ಮಂಡಿಗೆ ಹೋದ ಮೇಲೆ ನನ್ನ ಮಾತು ನನಗೇ ಕೇಳಲೆಂದು ಪಾತ್ರೆಗಳ ಜೊತೆ ಮಾತಾಡುತ್ತಿದ್ದೆ. ಅವ್ವ ನೆನಪಾಗಿ ಬಿಕ್ಕಿ ಬಿಕ್ಕಿ ಅತ್ತದ್ದೂ ಉಂಟು.

ಒಂದು ದಿನ ಬೆಳಿಗ್ಗೆ ಪೊಲೀಸು ಪೇದೆಯೊಬ್ಬ ಬಂದು ಜಗಲಿಯ ಮುಂದೆ ನಿಂತ. "ಬಸವರಾಜ ಅನ್ನೋ ಗಡಿಪಾರು ಆಸಾಮಿ ಇಲ್ಲೇನಾ ಇರೋದು?"

ರಂಗಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದರು. ತಲೆ ಎತ್ತಿ, "ನೀನು ಕೊತ್ತಗೆರೆಯೋನಲ್ವೇನ್ಲಾ? ಮನೇಲಿ ಹೆಂಗಸ್ರು ಇದ್ದಾಗ ಮೆತ್ತಗೆ ಮಾತಾಡೋದ ಕಲಿ. ಅವ್ನು ಮಂಡೀಲವ್ನೆ, ಓಗಿ ನೋಡು" ಎಂದು ಅವನನ್ನು ಸಾಗಹಾಕಿದರು. ಆಮೇಲೆ ನನ್ನ ಕಡೆ ತಿರುಗಿದರು. "ಎತ್ತಂಗಡಿ ಅಂದಿದ್ದೆ?"

ಮರಳೂರಿನ ಚಿಲಕದ ಸದ್ದು ಮತ್ತೆ ಕೇಳಿದ ಹಾಗಾಯಿತು. ಹೆದರಿಕೆಯ ಜಾಗದಲ್ಲಿ ಸಿಟ್ಟು ಬಂದುಬಿಟ್ಟಿತು. "ಎರಡೂ ಒಂದೇ ಅಲ್ಲೇನ್ರೀ? ಆಫೀಸರನ್ನ ಓಡಿಸಿದ್ರ ಎತ್ತಂಗಡಿ, ಕೂಲಿಯವನ್ನ ಓಡಿಸಿದ್ರ ಗಡಿಪಾರು!"

"ಕಳ್ತನ ಮಾಡವ್ನಾ?"

"ಇಲ್ರೀ. ಕೂಲಿ ಜಾಸ್ತಿ ಕೇಳಿದ್ರು."

"ಅಷ್ಟಕ್ಕೇಯಾ? ಥೂ, ಅವ್ರ ಮನೆ ಹಾಳಾಗ! ಬುಡು." ಇನ್ನೊಂದು ಹಿಡಿ ಅವರೆಕಾಯಿ ಮೊರಕ್ಕೆ ಹಾಕಿಕೊಂಡರು. "ನಂಗೂ ಹನ್ನೆರಡ್ನೇ ವರ್ಸಕ್ಕೆ ಹುಲಿಯೂರುದುರ್ಗದಿಂದ ಎತ್ತಂಗಡಿ ಆಯ್ತು ಕಣವ್ವಾ. ಮದ್ವೆ ಅಂತ ಹೆಸ್ರಿಟ್ರು. ಗಾಡಿ ಹತ್ತಿಸ್ವಾಗ ನಿಂಗೆ ಇಷ್ಟ ಐತೇನೇ ಅಂತ ಯಾರ್ ಕೇಳುದ್ರು?" ನಾನು ಅವರ ಪಕ್ಕ ಕೂತು ಅವರೆಕಾಯಿ ಸುಲಿದೆ. ಆ ದಿನದಿಂದ 'ಬುಡು' ನನಗೆ ಬೈಗುಳವಾಗಿ ಕೇಳಲಿಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಪೆಟ್ಟಿಗೆ ಅಂಗಡಿ ಇಡಿಸಿದವರೂ ರಂಗಮ್ಮನೇ. ನಮ್ಮೂರಿನ ಹಾಗೆ ಮಂಡಕ್ಕಿ ಒಗ್ಗರಣೆ ಹಾಕಿ, ಮೆಣಸಿನಕಾಯಿ ಬಜ್ಜಿ ಕರಿದೆ. ಮೊದಲ ವಾರ ಜನ ಮೂಸಿ ನೋಡಿ ಹೋದರು. ಆಮೇಲೆ ಹಾಸನದ ಬಸ್ಸಿನ ಡ್ರೈವರು ಬಾಯಿ ಹಾ ಹಾ ಅನ್ನುತ್ತಲೇ ಇನ್ನೊಂದು ಪ್ಲೇಟು ಕೇಳಿದ. ವರ್ಷ ತುಂಬುವಷ್ಟರಲ್ಲಿ ಪ್ರಯಾಣಿಕರು ಕಿಟಕಿಯಿಂದಲೇ 'ದಾವಣಗೆರೆ ಅಕ್ಕಾ!' ಎಂದು ಕೂಗುತ್ತಿದ್ದರು. ದಾವಣಗೆರೆಯಲ್ಲಿ ನಾನು ಬಸವರಾಜನ ಹೆಂಡತಿ ಮಾತ್ರ ಆಗಿದ್ದೆ. ಇವರು ಮಾತ್ರ ಮಂಡಿಯಿಂದ ಬಂದು ಕ್ಯಾಲೆಂಡರಿನ ಎದುರು ನಿಲ್ಲುತ್ತಿದ್ದರು. ಅವರ ಸಂಕಟವೂ ಸುಳ್ಳಲ್ಲ, ಅವರ ಜನ ಅಲ್ಲಿದ್ದರು.

ಆರ್ಡರಿನ ಅವಧಿ ಮುಗಿದ ದಿನ ಇವರು ಟ್ರಂಕು ಕೆಳಗಿಳಿಸಿದರು. "ಅಂಗಡಿ ಎತ್ತು. ನಮ್ಮ ವನವಾಸ ಮುಗೀತು" ಅಂದರು. ಅಂಗಡಿ ಎತ್ತು! ಆ ಎತ್ತಂಗಡಿ ಎನ್ನುವ ಶಬ್ದದ ಹೊಟ್ಟೆಯೊಳಗೆ ಏನಿದೆ ಅಂತ ನನಗೆ ಆವತ್ತೇ ತಿಳಿದದ್ದು. "ನಿಮ್ಮದು ಮುಗೀತು. ನನ್ನ ಕೇಳಿದ್ರೇನು?" ಅಂದೆ. "ಇದೇನು ಹೊಸ ಮಾತು? ನಮ್ಮೂರಿಗೆ ಹೋಗಾಕ ನಿನ್ನ ಕೇಳಬೇಕಾ?" ಎಂದರು. ಮಾಲೀಕರ ಎದುರು ನ್ಯಾಯ ಕೇಳಿದ ಮನುಷ್ಯ ಈತ! ಊರಿನವರು ಇವರಿಗೆ ಇಟ್ಟುಕೊಂಡಿದ್ದ ಸನ್ಮಾನಕ್ಕೆ ಮಾತ್ರ ಬರುತ್ತೇನೆ ಎಂದು ಹೇಳಿ, ಬಾಣಲೆಯನ್ನು ರಂಗಮ್ಮನ ಮನೆಯಲ್ಲಿಟ್ಟು ಹೊರಟೆ.

ದಾವಣಗೆರೆಯಲ್ಲಿ ನೀವೆಲ್ಲ ಹಾರ ಹಾಕಿದಿರಿ, ಓಡಿಸಿದವರಿಗೆ ಧಿಕ್ಕಾರ ಕೂಗಿದಿರಿ. ಅವ್ವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಾಗ ಇಲ್ಲೇ ಇದ್ದುಬಿಡೋಣ ಅನಿಸಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸಭೆಯಲ್ಲಿ ಅಧ್ಯಕ್ಷರು, "ಗಂಡ ಹೋದಲ್ಲಿಗೆ ಹೋಗಿ, ಗಂಡ ಬಂದಲ್ಲಿಗೆ ಬಂದ ಮಹಾತಾಯಿ" ಎಂದು ಹೊಗಳಿ ನನ್ನ ಕೈಗೆ ಮೈಕು ಕೊಟ್ಟರು. ಮೈಯೆಲ್ಲ ಉರಿಯಿತು.

"ಇವ್ರನ್ನ ಊರು ಬಿಡಿಸಿದವ್ರಿಗೆ ಧಿಕ್ಕಾರ ಕೂಗಿದ್ರಿ, ಚಲೋ ಆತು. ಈಗ ನನ್ನನ್ನ ನೀವೇ ಕುಣಿಗಲ್ ಊರು ಬಿಡಸಾಕ ಹತ್ತೀರಿ. ಇದಕ್ಕ ಯಾರು ಧಿಕ್ಕಾರ ಕೂಗ್ತೀರಿ?"

ಅರ್ಥವಾಗದೆ ಒಬ್ಬರು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ, "ಇಕಿಗೆ ಕುಣಿಗಲ್ ನೀರು ತಲೆಗೇರೈತಿ" ಅಂದದ್ದು ನನಗೆ ಕೇಳಿಸಿತು. ಮಾರನೆಯ ದಿನ ಇವರು ಸ್ಟೇಷನ್ನಿಗೆ ಬಂದು, ನನ್ನನ್ನು ರೈಲಿನ ಕಿಟಕಿಯ ಪಕ್ಕ ಕೂರಿಸಿ, "ಶನಿವಾರ ಬರ್ತೀನಿ" ಎಂದಷ್ಟೇ ಹೇಳಿದರು. ರೈಲು ಹೊರಟಾಗ ನಾನು ಅವ್ವನ ಮನೆಯ ದಿಕ್ಕಿಗೆ ನೋಡಿ ಅತ್ತೆ.

ತುಮಕೂರಿನಲ್ಲಿ ರೈಲು ಇಳಿದು, ಬಸ್ಸು ಹತ್ತಿ ಕುಣಿಗಲ್ಲಿನ ಮನೆಗೆ ಬಂದಾಗ ರಂಗಮ್ಮ ನನ್ನ ಬಾಣಲೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದರು. ಒಬ್ಬಳೇ ಬಂದದ್ದನ್ನು ನೋಡಿ ಗಾಬರಿಯಾಗಿ ಎದ್ದು ನಿಂತರು.

"ಯಾಕವ್ವಾ? ಯಾರ್ ಕಳ್ಸುದ್ರು ನಿನ್ನ?"

"ಯಾರೂ ಕಳಿಸ್ಲಿಲ್ರೀ," ಅಂದೆ. "ನಾನೇ ಬಂದೆ ಕಣಮ್ಮಾ."