ಕಿಟಕಿ ಕೆಳಗಿನ ಮೂವತ್ತೈದು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಒರೆಸೋ ಅಕ್ಕ ಎಂದು. ಕೆಲಸವೇ ಅದು: ಹಳೆಯ ಕಟ್ಟಡಗಳಿಗೆ ಹೋಗಿ, ನೆಲದ ಮೇಲೆ ಅಳತೆಯ ಚೌಕಟ್ಟಿಟ್ಟು, ಅದರೊಳಗಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತರುವುದು. ಗೋಡೆ, ಕಿಟಕಿಗಳಿಂದ ಉದುರಿದ ಬಣ್ಣದ ಧೂಳಿನಲ್ಲಿ, ಮಕ್ಕಳಿಗೆ ವಿಷವಾಗುವ ಸೀಸ ಎಷ್ಟಿದೆ ಎಂದು ಲ್ಯಾಬು ಹೇಳುತ್ತದೆ. "ಹನ್ನೊಂದು ವರ್ಷದಿಂದ ಊರ ನೆಲ ಎಲ್ಲಾ ಒರೆಸ್ತೀಯ, ಮನೇದು ಮಾತ್ರ ನಾನೇ ಒರೆಸ್ಬೇಕು" ಎಂದು ಗಂಡ ಕಾಲೆಳೆಯುತ್ತಾನೆ. ಅವಳೂ ನಗುತ್ತಾಳೆ.

ಆ ಬೆಳಿಗ್ಗೆ ಮಾತ್ರ ನಗು ಬರುವಂತಿರಲಿಲ್ಲ. ಶಿಶುವಿಹಾರದ ಮಲಗುವ ಕೋಣೆಯ ಐದು ಜಾಗಗಳ ಫಲಿತಾಂಶಗಳು ಬಂದಿದ್ದವು: ಎರಡು, ಮೂರು, ಒಂದು, ನಾಲ್ಕು, ಮೂವತ್ತೈದು. ಮಿತಿ ಹತ್ತು. ಆದರೆ ಫಾರಮ್ಮಿನಲ್ಲಿ ಕೋಣೆಗೊಂದೇ ಚೌಕ; ಐದನ್ನೂ ಕೂಡಿ, ಭಾಗಿಸಿ, ಒಂಬತ್ತು ಎಂದು ಬರೆದುಬಿಟ್ಟರೆ ಕೋಣೆ ಪಾಸು. ಮೂವತ್ತೈದು ಬಂದದ್ದು ಕಿಟಕಿಯ ಕೆಳಗಿನ ನೆಲದಿಂದ. ಅಲ್ಲಿದ್ದ ಪುಟ್ಟ ಚಾಪೆಯನ್ನು ಸರಿಸಿಯೇ ಅವಳು ಒರೆಸಿದ್ದಳು. ಮಲಗಿ ಎದ್ದ ಮಗು ಕೈ ಬಾಯಿಗಿಡದೆ ಇರುತ್ತದೆಯೇ? ಹನ್ನೊಂದು ಗಂಟೆಗೆ ವರದಿ ಹೋಗಬೇಕು. ಮಧ್ಯಾಹ್ನ ಮಕ್ಕಳು ಅಲ್ಲೇ ಮಲಗುತ್ತಾರೆ. ಅವಳು ಫಾರಮ್ಮು ಹಿಡಿದು ಲ್ಯಾಬಿನ ಸಾಹೇಬರ ಮೇಜಿಗೆ ಹೋದಳು.

"ಸರ್, ಸರಾಸರಿ ಬೇಡ. ಐದನ್ನೂ ಬೇರೆ ಬೇರೆ ಬರೀತೀನಿ" ಎಂದಳು.

ಸಾಹೇಬರು ಗಡಿಯಾರ ನೋಡಿದರು. "ಇಷ್ಟು ವರ್ಷ ಇಲ್ಲದ್ದು ಇವತ್ತೇನಮ್ಮ ಹೊಸದು? ಇರೋದೊಂದು ಚೌಕ."

"ಮಗು ಕೋಣೆ ತುಂಬ ಮಲಗಲ್ಲ ಸರ್. ಒಂದು ಚಾಪೆ ಮೇಲೆ ಮಲಗತ್ತೆ."

"ಹೋದ ವರ್ಷ ಇದೇ ಕೋಣೆ ಪಾಸಾಗಿತ್ತಲ್ಲ. ತೆಗೆದು ನೋಡಿ."

ಅವರ ಬಾಯಿ ಮುಚ್ಚಿಸುವ ಹಟದಲ್ಲೇ ಅವಳು ಹಳೆಯ ಫೈಲು ಎಳೆದಳು. ಚೌಕದಲ್ಲಿ ಎಂಟು ಎಂದಿತ್ತು. ಹಿಂದಿನ ಹಾಳೆಯಲ್ಲಿ ಬಿಡಿ ಅಂಕಿಗಳು: ಎರಡು, ಎರಡು, ಮೂರು, ಮೂರು, ಕಿಟಕಿ ಕೆಳಗೆ ಮೂವತ್ತು. ಕೂಡಿ ಭಾಗಿಸಿದ ಕೈಬರಹ ಅವಳದೇ, ಕೆಳಗಿನ ಸಹಿಯೂ ಅವಳದೇ. ಇಡೀ ಒಂದು ವರ್ಷ, ಅವಳು ಕೊಟ್ಟ ಪಾಸನ್ನು ನಂಬಿ ಯಾವುದೋ ಮಗುವನ್ನು ಅಲ್ಲಿ ಮಲಗಿಸಿದ್ದರು.

ಫೈಲನ್ನು ಸಾಹೇಬರ ಮುಂದಿಟ್ಟಳು. ಅವರು ಓದತೊಡಗಿದರು. ಅವರು ಹೂಂ ಅನ್ನಲಿ ಎಂದು ಅವಳು ಕಾಯಲಿಲ್ಲ. ಹೊಸ ಫಾರಮ್ಮಿನ ಚೌಕಕ್ಕೆ ಅಡ್ಡಗೆರೆ ಎಳೆದು, ಐದೂ ಅಂಕಿಗಳನ್ನು ಬರೆದು, ಕೋಣೆ ಮುಚ್ಚಬೇಕು ಎಂದು ಸೇರಿಸಿದಳು. ಆಮೇಲೆ ಶಿಶುವಿಹಾರದ ಮೇಡಂಗೆ ಫೋನು ಮಾಡಿದಳು.

"ಇವತ್ತು ಮಕ್ಕಳನ್ನ ಆ ಕೋಣೇಲಿ ಮಲಗಿಸಬೇಡಿ ಮೇಡಂ. ಮತ್ತೆ, ಹೋದ ವರ್ಷದಿಂದ ಕಿಟಕಿ ಕೆಳಗೆ ಮಲಗ್ತಿದ್ದ ಮಗು ಯಾವುದು?"

"ಒಂದೇ ಮಗು ಅಂತೇನಿಲ್ಲ. ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ. ಯಾರಿಗೂ ಬೇಜಾರಾಗಬಾರ್ದು ಅಂತ ಸರದಿ ಮೇಲೆ ಎಲ್ಲರನ್ನೂ ಮಲಗಿಸ್ತೀವಿ" ಎಂದರು ಮೇಡಂ. "ಯಾಕಮ್ಮ, ಏನಾಯ್ತು?"

ಅವಳು ಬಿಳಿ ಹಾಳೆಯೊಂದನ್ನು ಎಳೆದುಕೊಂಡಳು.

"ಆ ನೆಲದ ಧೂಳಲ್ಲಿ ಸೀಸ ಜಾಸ್ತಿ ಇದೆ. ಎಲ್ಲ ಮಕ್ಕಳದೂ ರಕ್ತ ಪರೀಕ್ಷೆ ಆಗ್ಬೇಕು. ಹೆಸರು ಹೇಳ್ತಾ ಹೋಗಿ, ನಿಧಾನಕ್ಕೆ. ಅವರಮ್ಮಂದಿರಿಗೆ ನಾನೇ ಹೇಳ್ತೀನಿ."